ಕೋಳಿ ಇಲ್ಲದ ಕೇಸುಗಳು

ಅವರು ತೀರಿಕೊಂಡ ಸುದ್ದಿ ನಮ್ಮ ಕೋರ್ಟಿಗೆ ಬಂದದ್ದು ಹನ್ನೊಂದು ಗಂಟೆಯ ಚಹಾದ ಜೊತೆಗೆ. ಚಹಾ ತಂದ ಹೋಟೆಲಿನವನೇ ಅದನ್ನೂ ತಂದ. ವಕೀಲರ ಕೋಣೆಯಲ್ಲಿ ಎರಡು ನಿಮಿಷ ಎಲ್ಲರೂ ಮೌನವಾಗಿದ್ದರು. ಮೌನ ಎಂದರೆ ಚಹಾ ಹೀರುವ ಸದ್ದು ಮಾತ್ರ. ಆಮೇಲೆ ಹಿರಿಯ ವಕೀಲರೊಬ್ಬರು ಗ್ಲಾಸು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಪಾಪ, ಒಳ್ಳೆ ಜನ. ಒಮ್ಮೆ ಅವರ ಹಾಗೆ ಮಾಡಿ ತೋರಿಸು ಮಾರಾಯ."

ನಮ್ಮಲ್ಲಿ ಶ್ರದ್ಧಾಂಜಲಿ ಹೀಗೂ ಉಂಟು. ನಾನು ಎದ್ದು ನಿಂತೆ. ಇಲ್ಲದ ಕೊಡೆಯನ್ನು ತೋಳಿಗೆ ತೂಗುಹಾಕಿದೆ, ಎರಡು ಸಲ ಗಂಟಲು ಸರಿಮಾಡಿದೆ, ಕಿಸೆಯೊಳಗಿನ ಇರುವೆ ಕೊಡವಿದೆ, ಮೂಗಿನಿಂದ ಅರ್ಧ ಧ್ವನಿ ಬಿಟ್ಟು, "ನಮಸ್ಕಾರ. ತಮ್ಮ ಮಗನವರು ಮನೆಯಲ್ಲಿದ್ದಾರೆಯೇ?" ಎಂದೆ. ಕೋಣೆ ನಕ್ಕಿತು. ಹಿರಿಯ ವಕೀಲರು ಕಣ್ಣು ಒರೆಸಿಕೊಂಡರು. ನಗೆಗೋ ಮತ್ತೊಂದಕ್ಕೋ ಗೊತ್ತಾಗಲಿಲ್ಲ. ವಕೀಲರ ಕಣ್ಣೀರಿಗೆ ನಾನು ಸಾಕ್ಷಿ ಹೇಳುವುದಿಲ್ಲ.

ನಾನು ಈ ಕೋರ್ಟಿನ ಅಟೆಂಡರ್. ಜಗಲಿಗೆ ಬಂದು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು ನನ್ನ ಕೆಲಸ. ಉಳಿದ ಹೊತ್ತಿನಲ್ಲಿ ಅವರಿವರ ಹಾಗೆ ಮಾತಾಡಿ ತೋರಿಸುವುದು ನನ್ನ ಚಟ. ವಕೀಲರನ್ನು ಅವರೆದುರೇ ಮಾಡುತ್ತೇನೆ. ಮ್ಯಾಜಿಸ್ಟ್ರೇಟರನ್ನು ಮಾತ್ರ ಅವರಿಗೆ ವರ್ಗವಾದ ಮೇಲೆ ಮಾಡುತ್ತೇನೆ. ನನಗೂ ಹೊಟ್ಟೆಪಾಡು ಉಂಟಲ್ಲ.

ತೀರಿಕೊಂಡವರು ಪ್ರೊಬೇಷನ್ ಆಫೀಸರ್ ಆಗಿದ್ದವರು. ಆಫೀಸು ಮಂಗಳೂರಿನಲ್ಲಿ, ಮನೆ ಮೂಡಬಿದ್ರೆಯಲ್ಲಿ, ಕೆಲಸ ಬಸ್ಸಿನಲ್ಲಿ. ಹದಿನಾರು ತುಂಬದ ಹುಡುಗ ಏನಾದರೂ ಮಾಡಿ ಕೋರ್ಟಿಗೆ ಬಂದರೆ, ಅವನ ಮನೆ, ಶಾಲೆ, ಊರು ನೋಡಿ, ಇವನನ್ನು ಒಳಗೆ ಹಾಕುವ ಬದಲು ಬುದ್ಧಿ ಹೇಳಿ ಮನೆಗೆ ಕಳಿಸಬಹುದೇ ಎಂದು ವರದಿ ಬರೆಯುವವರು. ಕಳಿಸಿದ ಮೇಲೆ ತಿಂಗಳಿಗೊಮ್ಮೆ ಹೋಗಿ ಹುಡುಗ ನೆಟ್ಟಗಿದ್ದಾನೆಯೇ ಎಂದು ನೋಡುವವರೂ ಅವರೇ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹುಡುಗರ ಹೆಸರು ಹೊರಗೆ ಬೀಳಬಾರದೆಂದು ಸರ್ವಿಸು ಪೂರ್ತಿ ಒದ್ದಾಡಿದ ಮನುಷ್ಯನ ಹೆಸರನ್ನು ನಾನು ಇಲ್ಲಿ ಕೂಗಿದರೆ, ಎಲ್ಲಿದ್ದರೂ ಅಲ್ಲಿಂದಲೇ ಕೊಡೆ ಎತ್ತಿಯಾರು.

ಅವರ ಪರಿಚಯ ನನಗೆ ಆದದ್ದು ಹೇಗೆಂದರೆ, ಇಲ್ಲಿ ಸ್ವಲ್ಪ ಕೆಮ್ಮಬೇಕು, ನಾನೂ ಅಂಥ ಒಬ್ಬ ಹುಡುಗನೇ.

ಎಮರ್ಜೆನ್ಸಿ ಮುಗಿದ ಮರುವರ್ಷದ ಮಾತು. ಸಿದ್ದಕಟ್ಟೆಯಿಂದ ಒಳಗೆ ನಮ್ಮ ಮನೆ. ಅಪ್ಪ ಇಲ್ಲ. ಅಮ್ಮ, ನಾನು, ಅಮ್ಮನ ಅಣ್ಣ, ಅಂದರೆ ನನ್ನ ಮಾವ. ಮಾವನಿಗೆ ದೇವರಲ್ಲಿ ಭಕ್ತಿ, ಕೋಳಿ ಅಂಕದಲ್ಲಿ ಪರಮಭಕ್ತಿ. ಹುಂಜಗಳ ಕಾಲಿಗೆ ಸಣ್ಣ ಕತ್ತಿ ಕಟ್ಟಿ ಕಾದಾಡಿಸುವ ಆ ಆಟಕ್ಕೆ ಪೊಲೀಸರ ನಿಷೇಧ ಇತ್ತು. ಆದ್ದರಿಂದ ಗೇರುಗುಡ್ಡೆಯ ಆಚೆ ನಡೆಯುತ್ತಿತ್ತು. ಮಾವ ಒಂದು ಬಿಳಿ ಹುಂಜ ಸಾಕಿದ್ದ. ಬೊಳ್ಳೆ ಅಂತ ಕರೆಯುತ್ತಿದ್ದ. ನನಗೆ ಗಂಜಿ, ಬೊಳ್ಳೆಗೆ ನೆನೆಹಾಕಿದ ಗೋಧಿ.

ಆಗಿನ ಸಬ್ ಇನ್‌ಸ್ಪೆಕ್ಟರ್ ಘಟ್ಟದ ಮೇಲಿನವರು. ಅವರ ಕನ್ನಡ ನಮ್ಮ ಕಿವಿಗೆ ಲಾಠಿಯ ಹಾಗೆಯೇ ಬೀಳುತ್ತಿತ್ತು. ನಾನು ಅದನ್ನು ಮೂರೇ ದಿನದಲ್ಲಿ ಕಲಿತು, ಜೀನಸಿನ ಅಂಗಡಿಯೆದುರು ಉಚಿತ ಪ್ರದರ್ಶನ ಕೊಡುತ್ತಿದ್ದೆ. ಒಂದು ಭಾನುವಾರ ಏನು ಮರುಳು ಹಿಡಿಯಿತೋ, ಮನೆಯ ಸೀಮೆಎಣ್ಣೆಯ ಲಾಳಿಕೆ ಹಿಡಿದುಕೊಂಡು ಗೇರುಗುಡ್ಡೆಗೆ ಹೋದೆ. ಪೊದೆಯ ಮರೆಯಲ್ಲಿ ನಿಂತು ಲಾಳಿಕೆ ಬಾಯಿಗಿಟ್ಟು, "ಏಯ್! ಯಾವನ್ಲಾ ಅಲ್ಲಿ! ಒಬ್ನೂ ಅಲ್ಲಾಡ್ಬಾರ್ದು!" ಎಂದೆ.

ಅಲ್ಲಾಡಬಾರದು ಎಂದದ್ದಕ್ಕೆ ಇಡೀ ಗುಡ್ಡೆ ಓಡಿತು. ಪಂಚೆ ಬಿಟ್ಟು ಓಡಿದರು, ಚಪ್ಪಲಿ ಬಿಟ್ಟು ಓಡಿದರು. ಎಲ್ಲರಿಗಿಂತ ಮುಂದೆ ನನ್ನ ಮಾವ. ಗುಡ್ಡೆಯಲ್ಲಿ ಉಳಿದದ್ದು ಎರಡು ಹುಂಜ ಮತ್ತು ನಾನು. ಒಂದು ಕಾದಾಡಿ ಸತ್ತಿತ್ತು, ಇನ್ನೊಂದು ಬದುಕಿತ್ತು. ಎರಡನ್ನೂ ಎತ್ತಿಕೊಂಡು ಬಂದೆ. ಸತ್ತದ್ದು ನೆತ್ತರಲ್ಲಿ ನೆನೆದು ಕೆಂಪಾಗಿತ್ತು. ಅದು ಯಾರದೆಂದು ನಾನೂ ನೋಡಲಿಲ್ಲ, ಅಮ್ಮನೂ ಕೇಳಲಿಲ್ಲ. ಬಿಸಿನೀರಿಗೆ ಹಾಕಿ ಪುಕ್ಕ ಕಿತ್ತು ಸಾರು ಮಾಡಿದಳು. ಮಧ್ಯಾಹ್ನ ಏದುಸಿರು ಬಿಡುತ್ತಾ ಬಂದ ಮಾವ ಎರಡು ಸಲ ಹಾಕಿಸಿಕೊಂಡು ಉಂಡ.

"ಎಂಥ ರುಚಿ ಮಾರಾಯ್ತಿ! ಗೋಧಿ ತಿಂದು ಬೆಳೆದ ಕೋಳಿ ಇದು, ನನಗೆ ಗೊತ್ತಾಗ್ತದೆ."

ಕೈ ತೊಳೆಯಲು ಹಿತ್ತಲಿಗೆ ಹೋದವನಿಗೆ ತೆಂಗಿನ ಬುಡದಲ್ಲಿ ಬಿಳಿ ಪುಕ್ಕ ಕಂಡಿತು. ಮತ್ತೆ ನಡೆದದ್ದನ್ನು ನನ್ನ ಬೆನ್ನು ಮಾತ್ರ ಹೇಳಬಲ್ಲದು.

ಅಷ್ಟಕ್ಕೇ ಮುಗಿದಿದ್ದರೆ ಸರಿಯಿತ್ತು. ಆದರೆ ಊರಲ್ಲಿ ಸುದ್ದಿ ಹಬ್ಬಿದ್ದು ಹೀಗೆ: "ಎಸ್ಸೈ ಬಂದು ಅಂಕ ನಿಲ್ಲಿಸಿದ್ರಂತೆ, ಕೇಸು ಹಾಕ್ಲಿಲ್ಲ, ಕೋಳಿ ಕೊಂಡುಹೋದ್ರಂತೆ." ಇದು ಮೇಲಧಿಕಾರಿಗಳ ಕಿವಿಗೂ ಬಿತ್ತು. ಬಾರದೇ ಇದ್ದ ಎಸ್ಸೈಗೆ ಕೋಳಿಕಳ್ಳ ಎಂಬ ಹೆಸರು! ಮನುಷ್ಯ ಉರಿದುಬಿದ್ದರು. ತಮ್ಮ ಧ್ವನಿ ಯಾರ ಗಂಟಲಲ್ಲಿ ಉಂಟೆಂದು ಅಂಗಡಿಯೆದುರು ಕೇಳಿದರು. ಅರ್ಧ ಗಂಟೆಯಲ್ಲಿ ನಮ್ಮ ಅಂಗಳದಲ್ಲಿ ಜೀಪು.

"ಮಾಡ್ಲಾ, ನೋಡಣ. ನನ್ ತರ ಮಾಡು."

ಮಾಡಿದೆ. ಚೆನ್ನಾಗಿಯೇ ಮಾಡಿದೆ. ಕಲಾವಿದನಿಗೆ ಅಷ್ಟು ಹತ್ತಿರದಿಂದ ಅಷ್ಟು ಗಮನವಿಟ್ಟು ಕೇಳುವ ಪ್ರೇಕ್ಷಕ ಎಲ್ಲಿ ಸಿಗುತ್ತಾನೆ? ಅದೇ ನನ್ನ ತಪ್ಪೊಪ್ಪಿಗೆಯಾಯಿತು. ಸರ್ಕಾರಿ ಅಧಿಕಾರಿಯಂತೆ ನಟಿಸಿದ್ದು, ಕೋಳಿ ಕದ್ದದ್ದು. ಹಿತ್ತಲಲ್ಲಿ ಕಟ್ಟಿದ್ದ ಜೀವಂತ ಹುಂಜ ಸಾಕ್ಷ್ಯವಾಗಿ ಜೀಪು ಹತ್ತಿತು.

ಕೋರ್ಟಿನಲ್ಲಿ ಕಂಡದ್ದನ್ನು ಹೇಳುತ್ತೇನೆ. ಮಕ್ಕಳ ಕೇಸನ್ನು ಬೇರೆ ಕೋಣೆಯಲ್ಲಿ, ಹೊರಗಿನವರಿಲ್ಲದೆ ನಡೆಸಬೇಕು, ಹುಡುಗನ ಹೆಸರು ಎಲ್ಲೂ ಬರಬಾರದು ಎಂಬುದು ಕಾನೂನು. ನಮ್ಮಲ್ಲಿ ಬೇರೆ ಕೋಣೆ ಎಂದರೆ ಅದೇ ಕೋಣೆ, ಜನರನ್ನು ಹೊರಗಟ್ಟಿ ಬಾಗಿಲು ಹಾಕಿದ್ದು. ಆದರೆ ಬಾಗಿಲು ಹಾಕುವ ಮೊದಲು ಆಗಿನ ಅಟೆಂಡರ್ ಜಗಲಿಗೆ ಬಂದು ನನ್ನ ಹೆಸರು, ಅಪ್ಪನ ಹೆಸರು, ಊರು, ಮೂರನ್ನೂ ಮೂರು ಮೂರು ಸಲ ಕೂಗಿದ. ಬಸ್‌ಸ್ಟ್ಯಾಂಡಿನಲ್ಲಿ ಕಡಲೆ ತಿನ್ನುತ್ತಿದ್ದವರೆಲ್ಲ ಕತ್ತು ತಿರುಗಿಸಿದರು. ಅಷ್ಟು ಮಾಡಿ, ನನ್ನ ಹೆಸರು ಗುಟ್ಟಾಗಿರಲೆಂದು ಬಾಗಿಲು ಹಾಕಿದ.

ಆಗ ಜಗಲಿಯ ಮೂಲೆಯಿಂದ ಒಂದು ಕೊಡೆ ಎದ್ದಿತು. ಕೊಡೆಯ ಕೆಳಗೆ ಒಬ್ಬ ಸಪೂರ ಮನುಷ್ಯ. ಮಳೆ ಇಲ್ಲ, ಬಿಸಿಲಿಲ್ಲ, ಮೇಲೆ ಹಂಚಿನ ಮಾಡು ಉಂಟು. ಆದರೂ ಕೊಡೆ.

"ಬಾಗಿಲು ಮುಚ್ಚುವ ಕೇಸಿಗೆ ಬಾಯಿ ಯಾಕೆ ತೆರೆದಿರಿ?" ಎಂದು ಅಟೆಂಡರನನ್ನು ಕೇಳಿದರು.

"ಕೂಗದೆ ಇದ್ರೆ ಅವ ಬರುವುದು ಹೇಗೆ ಸ್ವಾಮೀ?"

"ಹತ್ತಿರ ಹೋಗಿ ಕರೆಯಬೇಕು. ಕಾಲುಗಳಿವೆಯಲ್ಲ?"

ಅಟೆಂಡರ್ ತನ್ನ ಕಾಲನ್ನೊಮ್ಮೆ ನೋಡಿಕೊಂಡ. ಅವನಿಗೂ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲವೆಂದು ಕಾಣುತ್ತದೆ.

ಮೊದಲ ದಿನ ಮ್ಯಾಜಿಸ್ಟ್ರೇಟರು ವರದಿ ಕೇಳಿದರು. ಹಾಗಾಗಿ ಆ ವಾರವೇ ಕೊಡೆ ನಮ್ಮ ಮನೆಗೆ ಬಂತು. ಅಮ್ಮ ಬೆಲ್ಲ, ನೀರು ಕೊಟ್ಟಳು. ನೀರು ಕುಡಿದರು, ಬೆಲ್ಲವನ್ನು ಕಾಗದದಲ್ಲಿ ಕಟ್ಟಿ ಕಿಸೆಗೆ ಹಾಕಿದರು. ಯಾರ ಮನೆಗೆ ಹೋದರೂ ಹೀಗೆಯೇ. ಅದಕ್ಕೇ ಆ ಕಿಸೆಯಲ್ಲಿ ಸದಾ ಇರುವೆ. ಹುಡುಗ ಏನು ತಿನ್ನುತ್ತಾನೆ, ಯಾರ ಜೊತೆ ಮಲಗುತ್ತಾನೆ, ಯಾವ ಪಾಠ ಬರುವುದಿಲ್ಲ ಎಂದೆಲ್ಲ ಕೇಳಿದರು. ಯಾವ ಪಾಠ ಬರುತ್ತದೆ ಎಂದು ಕೇಳಿದ್ದರೆ ಬೇಗ ಮುಗಿಯುತ್ತಿತ್ತು. ಕೊನೆಗೆ ನನ್ನ ಕಡೆ ತಿರುಗಿ, "ನೀವು ನನ್ನ ಹಾಗೆ ಮಾತಾಡಿ ತೋರಿಸಿ" ಎಂದರು.

ನೀವು! ನನ್ನನ್ನು ಅಲ್ಲಿಯವರೆಗೆ ಯಾರೂ ನೀವು ಎಂದಿರಲಿಲ್ಲ. ಮೇಷ್ಟ್ರು "ಏ ಮಂಗ" ಎನ್ನುತ್ತಿದ್ದರು, ಮಾವ ಅದಕ್ಕಿಂತ ಒಂದು ಪ್ರಾಣಿ ಕೆಳಗೆ. ಒಮ್ಮೆ ಎಸ್ಸೈಗೆ ಮಾಡಿ ತೋರಿಸಿ ಕೆಟ್ಟವನು ನಾನು, ಆಗುವುದಿಲ್ಲವೆಂದು ತಲೆಯಲ್ಲಾಡಿಸಿಬಿಟ್ಟೆ. ಅವರು ಡೈರಿ ತೆಗೆದು ಬರೆದರು. ಡೈರಿಯಲ್ಲಿ ಹುಡುಗರ ಹೆಸರಿಲ್ಲ. ಆ ದಿನ ನನ್ನ ಪುಟದ ತಲೆಯಲ್ಲಿ ಬರೆದದ್ದನ್ನು ಓರೆಗಣ್ಣಿನಲ್ಲಿ ಓದಿದೆ: "ಸಿದ್ದಕಟ್ಟೆ, ಕಂಠ." ಅದರ ಹಿಂದಿನ ಪುಟದಲ್ಲಿ: "ರಾಯಿ, ಸೈಕಲ್." ರಾಯಿಯ ಒಬ್ಬ ಹುಡುಗ ಯಾರದೋ ಸೈಕಲ್ ಕೇಳದೆ ಕೊಂಡುಹೋಗಿ ಪೊಳಲಿಯ ತನಕ ತುಳಿದಿದ್ದನಂತೆ.

ಆಜ್ಞೆ ಬಂದ ದಿನ ಕೋರ್ಟಿನ ಜಗಲಿಯಲ್ಲಿ ಬುಟ್ಟಿಯೊಳಗಿದ್ದ ಸಾಕ್ಷಿ ಹುಂಜ, ಮ್ಯಾಜಿಸ್ಟ್ರೇಟರು ಓದುವಾಗಲೆಲ್ಲ ಕೂಗಿತು. ಗುಮಾಸ್ತರು ಅಭ್ಯಾಸಬಲದಿಂದ "ಸೈಲೆನ್ಸ್!" ಎಂದರು. ನನಗೆ ಎಚ್ಚರಿಕೆ. ಮಾವನ ಮುಚ್ಚಳಿಕೆಯ ಮೇಲೆ ಒಂದು ವರ್ಷ ಪ್ರೊಬೇಷನ್ ಆಫೀಸರರ ಮೇಲ್ವಿಚಾರಣೆ.

"ಹುಡುಗನನ್ನು ಕೆಟ್ಟ ಸಹವಾಸದಿಂದ ದೂರ ಇಡ್ತೀರಾ?" ಎಂದು ಮ್ಯಾಜಿಸ್ಟ್ರೇಟರು ಮಾವನನ್ನು ಕೇಳಿದರು.

"ಇಡ್ತೇನೆ ಸ್ವಾಮೀ," ಎಂದು ಕೆಟ್ಟ ಸಹವಾಸ ಕೈಮುಗಿದು ರುಜು ಹಾಕಿತು.

ಸಾಕ್ಷಿ ಹುಂಜವನ್ನು ಬಿಡಿಸಿಕೊಳ್ಳಲು ಯಾರೂ ಬರಲಿಲ್ಲ. ನನ್ನದು ಎಂದವನು ಅಂಕಕ್ಕೆ ಹೋಗಿದ್ದೆ ಎಂದು ಒಪ್ಪಿದ ಹಾಗೆ. ಆ ಹುಂಜ ಸ್ವಲ್ಪ ದಿನ ಕೋರ್ಟಿನ ಅಂಗಳದಲ್ಲಿ ಓಡಾಡಿ ಆಮೇಲೆ ಕಾಣಲಿಲ್ಲ. ಅದರ ಬಗ್ಗೆ ಯಾವ ದಾಖಲೆಯೂ ಇಲ್ಲ. ದಾಖಲೆ ಉಳಿದದ್ದು ನನ್ನದು ಮಾತ್ರ.

ಅದನ್ನೇ ಅಮ್ಮ ಹೊರಗೆ ಬಂದ ಕೂಡಲೇ ಕೇಳಿದಳು. "ಜೈಲಿಲ್ಲ, ಸರಿ. ಆದ್ರೆ ನಾಳೆ ಇವನಿಗೆ ಕೆಲಸ ಯಾರು ಕೊಡ್ತಾರೆ? ಹೆಸರು ಬರೆದಿಟ್ಟಿದ್ದಾರಲ್ಲ?"

"ಶಿಕ್ಷೆ ಎಂಬ ಪದವೇ ಆಜ್ಞೆಯಲ್ಲಿಲ್ಲ ಅಮ್ಮಾ. ಇದರಿಂದ ಯಾವ ಕೆಲಸಕ್ಕೂ ಅಡ್ಡಿಯಿಲ್ಲ. ಅದು ಕಾನೂನು," ಎಂದರು ಅವರು.

"ಕಾನೂನು ಕೋರ್ಟಿನಲ್ಲಿ ಉಂಟು. ಠಾಣೆಯ ಪುಸ್ತಕದಲ್ಲಿ?" ಎಂದ ಮಾವ. ಠಾಣೆಯ ವಿಷಯ ಅವನಿಗೆ ಸ್ವಲ್ಪ ಜಾಸ್ತಿ ಗೊತ್ತು.

ಅವರು ಕೊಡೆ ಮಡಚಿದರು, ಬಿಚ್ಚಿದರು. "ಅದಕ್ಕೆ ನಾನಿದ್ದೇನೆ," ಎಂದರು.

ಆ ಒಂದು ವರ್ಷದ ಶಿಕ್ಷೆ ಅನುಭವಿಸಿದವನು ನನ್ನ ಮಾವ. ಪೋಷಕ ಅಂಕದಲ್ಲಿ ಸಿಕ್ಕಿಬಿದ್ದರೆ ಮುಚ್ಚಳಿಕೆ ಮುರಿದ ಹಾಗೆ ಎಂದು ಅವರು ಹೇಳಿಹೋಗಿದ್ದರು. ಭಾನುವಾರ ಗೇರುಗುಡ್ಡೆಯ ಕಡೆಯಿಂದ ಕೂಗಾಟ ಕೇಳಿದಾಗಲೆಲ್ಲ ಮಾವ ಜಗಲಿಯ ಕಂಬ ಹಿಡಿದು ನರಳುತ್ತಿದ್ದ. "ಕೇಸು ಆದದ್ದು ನಿನಗಾ ನನಗಾ ಬೇವರ್ಸಿ?"

ಇನ್ನು ಅವರ ತಿಂಗಳ ಭೇಟಿ. ಪ್ರೊಬೇಷನ್ ಆಫೀಸರ್ ಎಂದು ಹೇಳಿಕೊಂಡು ಬಂದರೆ ಊರಿಗೆಲ್ಲ ಹುಡುಗನ ಸುದ್ದಿ ಗೊತ್ತಾಗುತ್ತದಲ್ಲ? ಅದಕ್ಕೆ ಅವರು ಒಂದು ಉಪಾಯ ಮಾಡಿದ್ದರು. ರೆಕ್ಸಿನ್ ಚೀಲ ಹಿಡಿದುಕೊಂಡು ಇನ್ಶೂರೆನ್ಸ್ ಏಜೆಂಟರಾಗಿ ಬರುತ್ತಿದ್ದರು. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ತಾವಾಗಿಯೇ ನಿಂತು, "ನಮಸ್ಕಾರ, ನಾನು ಜೀವವಿಮೆಯ ಕಡೆಯವನು" ಎನ್ನುತ್ತಿದ್ದರು. ಗುಟ್ಟನ್ನು ಅಷ್ಟು ಜೋರಾಗಿ ಕಾಪಾಡಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಒಂದೇ ಕೊಡೆ, ಒಂದೇ ಚೀಲ, ಬಂಟ್ವಾಳದ ಕಡೆ, ಬೆಳ್ತಂಗಡಿಯ ಕಡೆ, ಮೂಡಬಿದ್ರೆಯ ಸುತ್ತ. ಆರು ತಿಂಗಳೊಳಗೆ ಇಡೀ ಸೀಮೆಗೆ ಗೊತ್ತಾಯಿತು, ಕೊಡೆಯ ಇನ್ಶೂರೆನ್ಸಿನವರು ಹೋಗುವುದು ಕೋರ್ಟು ಕಂಡ ಹುಡುಗರ ಮನೆಗೆ ಮಾತ್ರ ಎಂದು. ಅಂಗಡಿಯಲ್ಲಿ, "ಅವನಿಗೆ ಪಾಲಿಸಿ ಆಗಿದೆ ಮಾರ್ರೆ" ಎಂದರೆ ಮುಗಿಯಿತು, ಬೇರೆ ಏನೂ ಹೇಳಬೇಕಾಗಿರಲಿಲ್ಲ.

ಪೆಟ್ಟು ಬಿದ್ದದ್ದು ನಿಜವಾದ ಏಜೆಂಟರಿಗೆ. ಬೆಳ್ತಂಗಡಿಯಿಂದ ಬಂದ ಒಬ್ಬ ಬಡಪಾಯಿ ನಮ್ಮ ಪಕ್ಕದ ಮನೆಯ ಅಂಗಳಕ್ಕೆ ಕಾಲಿಟ್ಟು, "ಇನ್ಶೂರೆನ್ಸ್..." ಎನ್ನುವಷ್ಟರಲ್ಲಿ ಅಲ್ಲಿನ ಅಜ್ಜಿ ಕಸ ಗುಡಿಸುತ್ತಿದ್ದ ಹಿಡಿಸೂಡಿ ಹಿಡಿದು ಹೊರಗೆ ಬಂದರು.

"ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲ!"

"ಅಂಥವರು ಅಂದ್ರೆ? ಎಲ್ಲರೂ ಒಂದಲ್ಲ ಒಂದು ದಿನ ಹೋಗುವವರೇ ಅಲ್ವಾ ಅಮ್ಮಾ?"

"ನಿನ್ನ ಮಕ್ಕಳು ಹೋಗ್ಲಿ! ನಮ್ಮ ಮೊಮ್ಮಕ್ಕಳು ಯಾಕೆ ಹೋಗ್ಬೇಕು ಕೋರ್ಟಿಗೆ!"

ಆ ಮನುಷ್ಯ ಓಡಿದ್ದನ್ನು ನಾನು ಕಣ್ಣಾರೆ ಕಂಡೆ. ಮುಂದೆ ಎಷ್ಟೋ ಸಮಯ ನಮ್ಮ ಊರಿನ ಜೀವಗಳಿಗೆ ವಿಮೆ ಇರಲಿಲ್ಲ. ಇದನ್ನು ನಾನು ಅವರಿಗೆ ಹೇಳಿದೆ. ನಂಬಲಿಲ್ಲ. "ನನ್ನನ್ನು ಯಾರೂ ಗುರುತಿಸಿಲ್ಲ. ಮೊನ್ನೆ ತಾನೇ ಒಬ್ಬರು ಪಾಲಿಸಿಯ ವಿಷಯ ವಿಚಾರಿಸಿದರು," ಎಂದರು. ವಿಚಾರಿಸಿದವನು ನಾನೇ ಕಳಿಸಿದ ಗೆಳೆಯ ಎಂದು ಹೇಳಲಿಲ್ಲ. ಹೇಳಬಹುದಿತ್ತು.

ವರ್ಷ ಮುಗಿದ ದಿನ ಕೊನೆಯ ಸಲ ಬಂದರು. "ಈಗಲಾದರೂ ಮಾಡಿ ತೋರಿಸಿ," ಎಂದರು. ಮಾಡಿದೆ. ಕೊಡೆ, ಗಂಟಲು, ಇರುವೆ, ಮೂಗು, ಎಲ್ಲ. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಅವರು ಗಂಭೀರವಾಗಿ ಪೂರ್ತಿ ನೋಡಿ, "ಚೆನ್ನಾಗಿದೆ. ಆದರೆ ಕೊಡೆ ನನ್ನ ಎಡಗೈಯಲ್ಲಿರುತ್ತದೆ. ಬಲಗೈ ಬರೆಯಲು ಬೇಕು," ಎಂದರು. ಡೈರಿಯಲ್ಲಿ ನನ್ನ ಪುಟಕ್ಕೆ ಅಡ್ಡಗೆರೆ ಹೊಡೆದರು. "ಮುಂದೆ ಯಾರಾದರೂ ಶಿಕ್ಷೆಯಾಗಿದೆಯೇ ಎಂದು ಕೇಳಿದರೆ ಇಲ್ಲ ಎನ್ನಿ. ಅದು ಸುಳ್ಳಲ್ಲ."

ಏಳೆಂಟು ವರ್ಷ ಕಳೆಯಿತು. ನಾನು ಎಲ್ಲ ಪರೀಕ್ಷೆಗಳಿಗೂ ಎರಡೆರಡು ಸಲ ಗೌರವ ಕೊಟ್ಟು ಪಾಸಾದೆ. ಕೋರ್ಟಿನಲ್ಲಿ ಅಟೆಂಡರ್ ಕೆಲಸಕ್ಕೆ ಕರೆದರು. ಸಂದರ್ಶನದಲ್ಲಿ "ಕೂಗಿ ತೋರಿಸು" ಎಂದರು. ಕೂಗಿದೆ. ಗೋಡೆಯ ಹಲ್ಲಿ ಬಿತ್ತು, ಕೆಲಸ ನನಗೆ ಎಂದಾಯಿತು. ಇನ್ನು ಪೊಲೀಸರಿಂದ ಒಂದು ಕಾಗದ ಬಂದರೆ ಸಾಕು. ಅರ್ಜಿಯಲ್ಲಿ ಒಂದು ಪ್ರಶ್ನೆ: ಯಾವುದೇ ನ್ಯಾಯಾಲಯದಿಂದ ಶಿಕ್ಷೆಯಾಗಿದೆಯೇ? ನಾನು ಇಲ್ಲ ಎಂದು ಬರೆದೆ.

ಠಾಣೆಯಿಂದ ಕರೆ ಬಂತು. ಅಲ್ಲಿನ ಬರವಣಿಗೆಯೆಲ್ಲ ನೋಡುವ ರೈಟರ್ ಒಬ್ಬ ಹೆಡ್ ಕಾನ್‌ಸ್ಟೇಬಲ್. ಎದುರು ಒಂದು ದಪ್ಪ ಪುಸ್ತಕ.

"ಕೋಳಿ ಕೇಸು ನಿನ್ನದಲ್ವಾ?"

"ನನ್ನದೇ. ಆದ್ರೆ ಅದರಲ್ಲಿ ಶಿಕ್ಷೆ ಇಲ್ಲ ಸರ್."

"ಶಿಕ್ಷೆ ಇಲ್ಲದೆ ಇರ್ಬಹುದು, ಪುಸ್ತಕದಲ್ಲಿ ನೀನು ಉಂಟು. ನಾನು ಬರೆಯದೆ ಬಿಟ್ರೆ ನಾಳೆ ನನ್ನ ತಲೆಗೆ. ಕೋರ್ಟಿನ ಕೆಲಸ ಬೇರೆ!"

ನಾನು ಮೂಡಬಿದ್ರೆಯ ಬಸ್ಸು ಹತ್ತಿದೆ. ಒಂದು ಬಸದಿಯ ಹಿಂದಿನ ಓಣಿಯಲ್ಲಿ ಅವರ ಮನೆ. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿತ್ತು. ನನ್ನನ್ನು ನೋಡಿದ ಕೂಡಲೇ, "ಕಂಠದವರು! ಬನ್ನಿ," ಎಂದರು. ವಿಷಯ ಕೇಳಿ ಸುಮ್ಮನೆ ಅಂಗಿ ಹಾಕಿಕೊಂಡರು.

ಅವತ್ತು ಶನಿವಾರ. ಆ ಶನಿವಾರ, ಮುಂದಿನ ಶನಿವಾರ, ಅದರ ಮುಂದಿನದು, ಮೂರು ಶನಿವಾರ ಅವರು ಠಾಣೆಯ ಬೆಂಚಿನ ಮೇಲೆ ಕೊಡೆಯನ್ನು ಮೊಣಕಾಲ ನಡುವೆ ನಿಲ್ಲಿಸಿ ಕೂತರು. ಆಗಲೇ ನನಗೆ ಗೊತ್ತಾದದ್ದು, ಅವರು ಹಾಗೆ ಕೂರುವುದು ಅದೇ ಮೊದಲಲ್ಲ. ವರ್ಷ ಮುಗಿಸಿದ ಪ್ರತಿಯೊಬ್ಬ ಹುಡುಗನಿಗಾಗಿ ಬಂದು, ಪುಸ್ತಕದಲ್ಲಿ ಆ ಹೆಸರಿನ ಮುಂದೆ ಕೋರ್ಟಿನ ಆಜ್ಞೆಯ ಟಿಪ್ಪಣಿ ಬರೆಯಿರಿ ಎಂದು ಕೇಳುತ್ತಿದ್ದರು. ರೈಟರು ಬದಲಾದರು, ಎಸ್ಸೈಗಳು ಬದಲಾದರು, ಉತ್ತರ ಬದಲಾಗಲಿಲ್ಲ: "ಮಾಡುವ ಸರ್, ನೋಡುವ."

"ಹುಡುಗ ಮಾಡಿದ್ದು ಒಂದು ದಿನದ ಕೆಲಸ, ರೈಟರೇ," ಎಂದರು ಮೂರನೆಯ ಶನಿವಾರ. "ನೀವು ಬರೆದಿಟ್ಟದ್ದು ಅವರು ಮುದುಕರಾಗುವವರೆಗೂ ಇರುತ್ತದೆ."

"ನಾನು ಬರೆದದ್ದಲ್ಲ ಸರ್. ಹಿಂದಿನವರು ಬರೆದದ್ದು. ಅಳಿಸಲಿಕ್ಕೆ ನನಗೆ ಅಧಿಕಾರ ಇಲ್ಲ."

"ಅಳಿಸಬೇಡಿ. ಕೋರ್ಟು ಹೇಳಿದ್ದನ್ನು ಕೆಳಗೆ ಬರೆಯಿರಿ. ಅಷ್ಟೇ."

"ನೋಡುವ ಸರ್."

ನನಗೆ ತಡೆಯಲಿಲ್ಲ. ನಾಡಿದ್ದು ಸೋಮವಾರ ಕಾಗದ ಹೋಗದಿದ್ದರೆ ಕೆಲಸ ಬೇರೆಯವನಿಗೆ. ಬಾಯಿ ತನ್ನಷ್ಟಕ್ಕೆ ತೆರೆಯಿತು. ಹಳೆಯ ಎಸ್ಸೈಯ ಧ್ವನಿಯೇ ಬಂತು: "ಬರೀಲಾ! ಪೂರ್ತಿ ಬರೀ! ಗುಡ್ಡೇಲಿ ಕೋಳಿ ಅಂಕ ನಡೀತಿತ್ತು, ಐವತ್ತು ಜನ ಸೇರಿದ್ರು, ಠಾಣೆಯೋರು ಒಬ್ರೂ ಹೋಗ್ಲಿಲ್ಲ, ಕೊನೆಗೆ ಒಬ್ಬ ಹುಡ್ಗ ಓಡಿಸ್ದ ಅಂತ ಬರೀ!"

ರೈಟರು ಒಮ್ಮೆ ಎದ್ದೇ ನಿಂತುಬಿಟ್ಟರು. ಆಮೇಲೆ ಕೂತು, ಪುಸ್ತಕವನ್ನು ಹತ್ತಿರ ಎಳೆದು, ಬೆರಳಿಟ್ಟು ಮೆಲ್ಲಗೆ ಓದಿದರು. ಓದುತ್ತಾ ಹೋದ ಹಾಗೆ ಮುಖ ಸಪ್ಪಗಾಯಿತು. ಸಂಗತಿ ಅದರಲ್ಲಿ ಹಾಗೆಯೇ ಇತ್ತು. ನನ್ನ ತಪ್ಪನ್ನು ಮೇಲೆ ಕಳಿಸಿದರೆ ಠಾಣೆಯ ತಪ್ಪೂ ಅದೇ ಲಕೋಟೆಯಲ್ಲಿ ಹೋಗಬೇಕು. ಅಂಕ ಈಗಲೂ ಅದೇ ಗುಡ್ಡೆಯಲ್ಲಿ ನಡೆಯುತ್ತಿತ್ತು. ನನ್ನ ಮಾವನೇ ಸಾಕ್ಷಿ.

"ಇದು ಹಳೆ ಕಥೆ ಮಾರಾಯ. ಇದನ್ನೆಲ್ಲ ಯಾಕೆ ಕೆದಕುವುದು," ಎಂದರು ರೈಟರು. ಪೆನ್ನು ತೆಗೆದು ನನ್ನ ಕಾಗದದ ಮೇಲೆ "ಪ್ರತಿಕೂಲ ಮಾಹಿತಿ ಇಲ್ಲ" ಎಂದು ಬರೆದು ಸೀಲು ಗುದ್ದಿದರು.

ನಾನು ಹೊರಗೆ ಬಂದು ಕುಣಿದದ್ದೇ ಕುಣಿದದ್ದು. "ನೋಡಿದ್ರಾ ಸರ್? ಇಷ್ಟು ವರ್ಷ ಕಾನೂನಿಗೆ ಬಗ್ಗದ ಪುಸ್ತಕ ಒಂದು ಕೋಳಿಗೆ ಬಗ್ಗಿತು!"

ಅವರು ನಗಲಿಲ್ಲ. "ನೀವು ಹೆದರಿಸಿದಿರಿ. ನಾನು ಕೇಳುತ್ತಿದ್ದೆ," ಎಂದರು.

"ಕೇಳಿದ್ರೆ ಕೊಡ್ತಿದ್ರಾ ಸರ್?"

ಬಸ್ಸು ಬಂತು, ಅವರು ಹತ್ತಿ ಕಿಟಕಿಯ ಪಕ್ಕ ಕೂತರು. ಬಸ್ಸು ಹೊರಡುವಾಗ ತಲೆ ಹೊರಗೆ ಹಾಕಿ, "ಆ ಪುಸ್ತಕದಲ್ಲಿ ನಿಮ್ಮ ಹಿಂದಿನ ಪುಟದಲ್ಲೇ ರಾಯಿಯ ಸೈಕಲ್ಲಿನವರು ಇದ್ದಾರೆ. ಕೊಲ್ಲಿಗೆ ಹೋಗುವವರು, ಪಾಸ್‌ಪೋರ್ಟಿನ ಕಾಗದ ಇಲ್ಲೇ ನಿಂತಿದೆ. ಅವರ ಕೇಸಿನಲ್ಲಿ ಕೋಳಿ ಇಲ್ಲವಲ್ಲ," ಎಂದರು.

ನಾನು ಕೆಲಸಕ್ಕೆ ಸೇರಿದೆ. ರಾಯಿಯ ಸೈಕಲ್ಲಿನವರು ಕೊಲ್ಲಿಗೆ ಹೋಗಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ಲಿನ ಪಂಕ್ಚರ್ ಹಾಕುತ್ತಿದ್ದಾರೆ. ಕೊಡೆಯವರು ನಿವೃತ್ತರಾದ ಮೇಲೂ ಶನಿವಾರ ಬಂದು ಅದೇ ಬೆಂಚಿನ ಮೇಲೆ ಕೂರುತ್ತಿದ್ದರು. ಒಮ್ಮೆ ರೈಟರು, "ಈಗ ನಿಮಗೆ ಏನು ಅಧಿಕಾರ ಉಂಟು ಸರ್?" ಎಂದು ಕೇಳಿದರಂತೆ. "ಬೆಂಚಿನ ಮೇಲೆ ಕೂರುವ ಅಧಿಕಾರ ಸಾರ್ವಜನಿಕರಿಗಿದೆಯಲ್ಲ?" ಎಂದರಂತೆ. ಇಡೀ ದೇಶಕ್ಕೆ ಮಕ್ಕಳ ವಿಷಯದಲ್ಲಿ ಒಂದೇ ಹೊಸ ಕಾನೂನು ದಿಲ್ಲಿಯಿಂದ ಬಂದಾಗ ನಾನು ಪೇಪರು ಹಿಡಿದುಕೊಂಡು ಹೋಗಿ ಅವರಿಗೆ ತೋರಿಸಿದೆ. ಕನ್ನಡಕ ಸರಿಮಾಡಿ ಎರಡು ಸಲ ಓದಿದರು. "ಚೆನ್ನಾಗಿ ಬರೆದಿದ್ದಾರೆ. ಬೆಂಚು ಅದೇ," ಎಂದರು.

ನನ್ನ ವಿಷಯ ಕೇಳಿ. ಕೆಲಸಕ್ಕೆ ಸೇರಿದ ತಿಂಗಳೇ ಒಂದು ಮಕ್ಕಳ ಕೇಸು ಬಂತು. ಗುಮಾಸ್ತರು "ಕೂಗು, ಬೇಗ ಆಗ್ಲಿ" ಎಂದರು. ನಾನು ಜಗಲಿಗೆ ಬಂದು ಹುಡುಗನ ಹೆಸರು, ಅಪ್ಪನ ಹೆಸರು, ಊರು, ಮೂರನ್ನೂ ಮೂರು ಮೂರು ಸಲ ಕೂಗಿದೆ. ಸರ್ಕಾರಿ ಸಂಬಳದ ಮೊದಲ ಉತ್ಸಾಹ. ಹಲ್ಲಿ ಬೀಳಿಸಿದ ಅದೇ ಗಂಟಲು. ಆ ಹುಡುಗನ ಜೊತೆ ಬಂದು ಅಂಗಳದ ಮಾವಿನ ಮರದ ಕೆಳಗೆ ನಿಂತಿದ್ದ ಕೊಡೆ ಮೆಲ್ಲಗೆ ನನ್ನ ಕಡೆ ತಿರುಗಿತು.

"ಕಾಲುಗಳಿವೆಯಲ್ಲ?"

ನಾನು ನಕ್ಕುಬಿಟ್ಟೆ. ಅಷ್ಟೇ ಅಲ್ಲ, ಆ ಸಂಜೆಯೇ ಆ ಮಾತನ್ನು ನನ್ನ ಪ್ರದರ್ಶನಕ್ಕೆ ಸೇರಿಸಿಕೊಂಡೆ. ಒಳ್ಳೆಯ ನಗೆ ಬರುತ್ತಿತ್ತು. ಮತ್ತೆ ಬಂದ ಮಕ್ಕಳ ಕೇಸುಗಳಿಗೂ ಕೂಗಿದೆ. ಕೂಗಿದರೆ ಬೇಗ ಆಗುತ್ತದೆ. ಪುಸ್ತಕದಿಂದ ತಪ್ಪಿಸಿಕೊಂಡ ನಾನು ಬೇರೆಯವರ ಮಕ್ಕಳನ್ನು ದಿನಾ ಬಸ್‌ಸ್ಟ್ಯಾಂಡಿಗೆ ಓದಿ ಹೇಳುತ್ತಿದ್ದೆ. ಬರೆದಿಡುವ ಪುಸ್ತಕವಾದರೂ ಕಪಾಟಿನಲ್ಲಿರುತ್ತದೆ. ನಾನು ಜಗಲಿಯಲ್ಲಿ ನಿಲ್ಲುವ ಪುಸ್ತಕ.

ಇವತ್ತು ಚಹಾ ಮುಗಿದು, ವಕೀಲರೆಲ್ಲ ನಕ್ಕು, ಕೋರ್ಟು ಮತ್ತೆ ಕೂತಿತು. ಮೂರನೆಯ ಕಡತ ತೆಗೆದು ಗುಮಾಸ್ತರು, "ಮಕ್ಕಳದ್ದು. ಕೂಗು," ಎಂದರು.

ಜಗಲಿಗೆ ಬಂದೆ. ಬಾಯಿ ತೆರೆದೆ. ಅಂಗಳದಲ್ಲಿ ಎಲ್ಲ ಕಡೆಯ ಜನ, ಆಚೆ ಬಸ್‌ಸ್ಟ್ಯಾಂಡು, ಕಡಲೆ ತಿನ್ನುವವರು. ಮಾವಿನ ಮರದ ಕೆಳಗೆ ಒಬ್ಬ ಹುಡುಗ, ಅವನ ಅಂಗಿಯ ತುದಿ ಹಿಡಿದುಕೊಂಡ ತಾಯಿ. ಬಾಯಿ ಮುಚ್ಚಿದೆ. ಎಷ್ಟು ಮೆಟ್ಟಿಲು ಎಂದು ಇಷ್ಟು ವರ್ಷದಲ್ಲಿ ಎಣಿಸಿರಲಿಲ್ಲ. ನಾಲ್ಕೇ. ಇಳಿದು ಹೋದೆ.

"ನೀವು ಒಳಗೆ ಬರಬೇಕಂತೆ," ಎಂದೆ. ಧ್ವನಿ ಮೂಗಿನಿಂದ ಅರ್ಧ ಬಂತು. ನಾನು ಮಾಡಿದ್ದಲ್ಲ, ತಾನಾಗಿಯೇ ಬಂತು. ಎಡಗೈ ಕೂಡ ತಾನಾಗಿಯೇ ಏನನ್ನೋ ಹಿಡಿದ ಹಾಗೆ ಮಡಚಿಕೊಂಡಿತು.

ಹುಡುಗ ಹಿಂದೆ ತಿರುಗಿ ನೋಡಿದ, ಯಾರನ್ನು ನೀವು ಎಂದದ್ದೆಂದು. ತಾಯಿ ನನ್ನನ್ನು ಕೆಳಗಿಂದ ಮೇಲೆ ನೋಡಿ, ಯಾರಿಗೂ ಕೇಳದ ಹಾಗೆ ಕೇಳಿದಳು:

"ನೀವು ಇನ್ಶೂರೆನ್ಸಿನವರಾ?"

"ಹೌದಮ್ಮಾ," ಎಂದೆ.